ಮುಂದಿನ ಗಾಡಿಗೂ ನಿಮಗೂ ನಡುವಿನ ಜಾಗ

(ಹೊಸದಾಗಿ ಕಾರು ಓಡಿಸಲು ಕಲಿತ ಪುಣೆಯ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಈಚೆಗೆ ಲೈಸೆನ್ಸ್ ಪಡೆದವರು. ಕೋಥ್ರೂಡ್, ಹಡಪ್ಸರ್, ಪಿಂಪರಿ-ಚಿಂಚವಡದ ಗದ್ದಲದಲ್ಲಿ ದಿನಾ ಗಾಡಿ ಓಡಿಸುತ್ತೀರಿ. ಬರುವ ಚೌತಿಗೋ ದೀಪಾವಳಿಗೋ ಮೊದಲ ಸಲ ಸ್ವಂತ ಕಾರಿನಲ್ಲಿ ಬೆಳಗಾವಿಗೋ ಹುಬ್ಬಳ್ಳಿಗೋ ಹೊರಡುವ ಆಸೆ. ಅದಕ್ಕೂ ಮುಂಚೆ ಒಂದು ಭಾನುವಾರ ಎಕ್ಸ್‌ಪ್ರೆಸ್‌ವೇ ಹಿಡಿದು ಮುಂಬೈಗೆ ಹೋಗಿ ಬರೋಣ ಎಂಬ ಲೆಕ್ಕಾಚಾರವೂ ಇರಬಹುದು.

ಪೇಟೆಯ ರಸ್ತೆ ನಿಮಗೆ ಕೈಕಾಲಿನ ಚುರುಕು ಕಲಿಸಿದೆ. ರಿಕ್ಷಾ ಅಡ್ಡ ಬಂತು, ಬ್ರೇಕ್ ಒತ್ತಿದಿರಿ, ಗಾಡಿ ನಿಂತಿತು. ಮೂವತ್ತು ಕಿ.ಮೀ. ವೇಗದಲ್ಲಿ ಆ ಚುರುಕು ಸಾಕಾಗುತ್ತದೆ. ನೂರರ ವೇಗದಲ್ಲಿ ಎಷ್ಟೇ ಚುರುಕಿನ ಕಾಲಿದ್ದರೂ ಸಾಲದು. ಅಲ್ಲಿ ನಿಮ್ಮನ್ನು ಕಾಯುವುದು ಮುಂದಿನ ಗಾಡಿಗೂ ನಿಮಗೂ ನಡುವೆ ನೀವು ಮೊದಲೇ ಬಿಟ್ಟುಕೊಂಡ ಖಾಲಿ ಜಾಗ. ಇವತ್ತಿನ ಮಾತೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಲೆಕ್ಕದಿಂದಲೇ ಶುರುಮಾಡೋಣ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 28 ಮೀಟರ್. ಮುಂದೆ ಏನೋ ಆಯಿತೆಂದು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮೇಲೆ ಬರುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಗಾಡಿ 42 ಮೀಟರ್ ಮುಂದೆ ಹೋಗಿಯಾಯಿತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಒಣ ರಸ್ತೆ, ಒಳ್ಳೆಯ ಟಯರ್ ಇದ್ದರೆ ಅಲ್ಲಿಂದ ನಿಲ್ಲಲು ಇನ್ನೂ 55 ಮೀಟರ್ ಬೇಕು. ಒಟ್ಟು 97 ಮೀಟರ್. ಇದೇ ಲೆಕ್ಕ 80ರ ವೇಗಕ್ಕೆ ಸುಮಾರು 68 ಮೀಟರ್, 60ಕ್ಕೆ 45. ಮಳೆ ಬಿದ್ದ ರಸ್ತೆಯಲ್ಲಿ ನೂರರ ವೇಗದಿಂದ ನಿಲ್ಲಲು 120 ಮೀಟರ್ ದಾಟುತ್ತದೆ, ಟಯರ್ ಸವೆದಿದ್ದರೆ ಇನ್ನೂ ದೂರ.

ಈ ಅಂಕಿಗಳ ಒಳಗೆ ಇನ್ನೊಂದು ವಿಷಯ ಅಡಗಿದೆ. ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ ಅಂದುಕೊಳ್ಳಿ, ಒಂದು 80ರಲ್ಲಿ, ಇನ್ನೊಂದು 100ರಲ್ಲಿ. ಮುಂದೆ ಅಡ್ಡಲಾಗಿ ಟ್ರಕ್ ನಿಂತಿರುವುದನ್ನು ಇಬ್ಬರೂ ಒಂದೇ ಗಳಿಗೆಯಲ್ಲಿ ಕಂಡು ಬ್ರೇಕ್ ಒತ್ತುತ್ತಾರೆ. 80ರ ಕಾರು ಟ್ರಕ್ಕಿಗೆ ತಾಗುವ ಮುನ್ನ ಸರಿಯಾಗಿ ನಿಂತಿತು. 100ರ ಕಾರು ಅದೇ ಜಾಗ ತಲುಪಿದಾಗ ಅದರ ವೇಗ ಎಷ್ಟಿರುತ್ತದೆ? ಇಪ್ಪತ್ತು ಎಂದು ನೀವು ಊಹಿಸುತ್ತೀರಿ. ಲೆಕ್ಕ ಹಾಕಿದರೆ ಅದು ಸುಮಾರು 70. ಇಪ್ಪತ್ತು ಕಿ.ಮೀ. ಹೆಚ್ಚಿನ ವೇಗಕ್ಕೆ ಎಪ್ಪತ್ತರ ಹೊಡೆತ. ಇನ್ನು ಉಳಿಸಿದ ಸಮಯ ನೋಡಿ. ಕಿವಳೆಯಿಂದ ಕಳಂಬೋಳಿಗೆ ಎಕ್ಸ್‌ಪ್ರೆಸ್‌ವೇ ಉದ್ದ ಸುಮಾರು 94 ಕಿ.ಮೀ. ಪೂರ್ತಿ ದಾರಿ 100ರಲ್ಲೇ ಹೋದರೂ 80ಕ್ಕಿಂತ ಉಳಿಯುವುದು ಹದಿನಾಲ್ಕು ನಿಮಿಷ. ನಡುವೆ ಘಾಟ್ ಇರುವುದರಿಂದ ಅಷ್ಟೂ ಉಳಿಯುವುದಿಲ್ಲ.

ಹಾಗಾದರೆ ಎಷ್ಟು ಅಂತರ? ಮೀಟರಿನಲ್ಲಿ ಅಳೆಯಲು ಹೋಗಬೇಡಿ, ಓಡುವ ಗಾಡಿಯಿಂದ ಕಣ್ಣಂದಾಜು ಯಾವಾಗಲೂ ತಪ್ಪುತ್ತದೆ. ಸೆಕೆಂಡಿನಲ್ಲಿ ಅಳೆಯಿರಿ. ಮುಂದಿನ ಗಾಡಿಯ ಹಿಂಭಾಗ ಒಂದು ಕಂಬವನ್ನೋ ಸೇತುವೆಯ ನೆರಳನ್ನೋ ದಾಟಿದ ಕೂಡಲೇ ‘ಸಾವಿರದೊಂದು, ಸಾವಿರದೆರಡು, ಸಾವಿರದಮೂರು’ ಎಂದು ಸಮಾಧಾನವಾಗಿ ಹೇಳಿ. ಹೇಳಿ ಮುಗಿಯುವ ಮುಂಚೆ ನಿಮ್ಮ ಬಾನೆಟ್ ಅಲ್ಲಿಗೆ ಬಂದರೆ ಹಿಂದೆ ಸರಿಯಿರಿ. ಒಣ ರಸ್ತೆಗೆ ಮೂರು ಸೆಕೆಂಡ್, ಮಳೆಗೆ ಐದು. ಮುಂದೆ ದೊಡ್ಡ ಟ್ರಕ್ ಇದ್ದರೆ ಇನ್ನೂ ಒಂದು ಸೇರಿಸಿ, ಏಕೆಂದರೆ ಅದರ ಮುಂದೇನಿದೆ ಎಂಬುದು ನಿಮಗೆ ಕಾಣುವುದಿಲ್ಲ. ‘ಅಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಹೌದು, ನುಗ್ಗುತ್ತಾರೆ. ಕಾಲನ್ನು ಸ್ವಲ್ಪ ಸಡಿಲಿಸಿ ಮತ್ತೆ ಮೂರು ಸೆಕೆಂಡ್ ಮಾಡಿಕೊಳ್ಳಿ. ಹತ್ತು ಜನ ನುಗ್ಗಿದರೂ ನೀವು ಮುಂಬೈಗೆ ಅರ್ಧ ನಿಮಿಷ ತಡವಾಗಿ ಮುಟ್ಟುತ್ತೀರಿ, ಅಷ್ಟೆ.

ಬ್ರೇಕಿನ ಬಗ್ಗೆ ಇನ್ನೊಂದು ಮಾತು. ನಿಮ್ಮಲ್ಲಿ ಬಹುತೇಕರು ಕಾರಿನ ಬ್ರೇಕನ್ನು ಪೂರ್ತಿ ಬಲದಿಂದ ಒಮ್ಮೆಯೂ ಒತ್ತಿಲ್ಲ. ಇವತ್ತಿನ ಕಾರುಗಳಲ್ಲಿ ಎಬಿಎಸ್ ಇದೆ, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಪೂರ್ತಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ. ಜೋರಾಗಿ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ನಡುಗುತ್ತದೆ, ಕೆಳಗಿನಿಂದ ಸದ್ದು ಬರುತ್ತದೆ. ಏನೋ ಮುರಿಯಿತೆಂದು ಹೆದರಿ ಹೊಸಬರು ಕಾಲು ಎತ್ತುತ್ತಾರೆ, ಅಲ್ಲೇ ಕೆಲಸ ಕೆಡುತ್ತದೆ. ಆ ನಡುಕ ಎಬಿಎಸ್ ಕೆಲಸ ಮಾಡುತ್ತಿರುವುದರ ಗುರುತು. ಒತ್ತಿದ ಕಾಲು ಒತ್ತಿಯೇ ಇರಲಿ, ಸ್ಟಿಯರಿಂಗ್ ತಿರುಗಿಸಿ ಪಕ್ಕಕ್ಕೆ ಸರಿಯಲೂ ಸಾಧ್ಯ. ಊರಿಗೆ ಹೊರಡುವ ಮುನ್ನ ಹಿಂದೆ ಮುಂದೆ ಯಾರೂ ಇಲ್ಲದ ಒಂದು ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಮೂರು ನಾಲ್ಕು ಸಲ ಹೀಗೆ ನಿಲ್ಲಿಸಿ ನೋಡಿ. ಕಾಲಿಗೆ ಅದರ ಪರಿಚಯ ಆಗಿರಬೇಕು.

ಹೊರಡುವ ಮುನ್ನ

ಎಣ್ಣೆ, ಕೂಲಂಟ್, ವೈಪರ್ ನೀರು, ದೀಪಗಳು, ಫಾಸ್ಟ್ಯಾಗಿನಲ್ಲಿ ಹಣ, ಕಾಗದಪತ್ರ, ಇವನ್ನೆಲ್ಲ ನೀವೇ ನೋಡಿಕೊಳ್ಳುತ್ತೀರಿ. ನಿಂತು ನೋಡಬೇಕಾದದ್ದು ಟಯರ್. ಎಕ್ಸ್‌ಪ್ರೆಸ್‌ವೇಯಲ್ಲಿ ಟಯರ್ ಸಿಡಿಯಿತು ಅಂದರೆ ಎಲ್ಲರೂ ಕಾಂಕ್ರೀಟನ್ನು ದೂರುತ್ತಾರೆ. ಬಿಸಿ ಕಾಂಕ್ರೀಟ್ ಒಂದು ಕಾರಣ ಇರಬಹುದು, ಮುಖ್ಯ ಕಾರಣ ಗಾಳಿ ಕಡಿಮೆ ಇರುವುದು. ಗಾಳಿ ಕಡಿಮೆಯಾದ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುತ್ತದೆ. ಪೇಟೆಯ ಓಡಾಟದಲ್ಲಿ ಆ ಬಿಸಿ ಆರಿಹೋಗುತ್ತದೆ. ಒಂದು ಗಂಟೆ ಬಿಡದೆ 100ರಲ್ಲಿ ಓಡಿದರೆ ಒಳಗಿನ ಪದರಗಳು ಕಳಚಿಕೊಳ್ಳುವಷ್ಟು ಬಿಸಿ ಕೂಡಿಬರುತ್ತದೆ. ಆದ್ದರಿಂದ ‘ಘಾಟ್‌ಗೆ ಹೋಗುತ್ತೇವೆ, ಗಾಳಿ ಸ್ವಲ್ಪ ಕಮ್ಮಿ ಇರಲಿ’ ಎನ್ನುವುದು ಅಪಾಯದ ಮಾತು.

ಎಷ್ಟು ಗಾಳಿ ಎಂಬುದನ್ನು ಪೆಟ್ರೋಲ್ ಪಂಪಿನ ಹುಡುಗನನ್ನು ಕೇಳಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಇಬ್ಬರೇ ಕೂತಾಗ ಎಷ್ಟು, ಐದು ಜನ ಮತ್ತು ಸಾಮಾನು ಇದ್ದಾಗ ಎಷ್ಟು ಎಂದು ಅದರಲ್ಲಿ ಬೇರೆ ಬೇರೆ ಬರೆದಿರುತ್ತದೆ. ಊರಿಗೆ ಹೋಗುವಾಗ ನಿಮ್ಮದು ಎರಡನೆಯ ಲೆಕ್ಕ. ಬೆಳಿಗ್ಗೆ ಟಯರ್ ತಣ್ಣಗಿರುವಾಗ ತುಂಬಿಸಿ, ಸ್ಟೆಪ್ನಿಗೂ ಸೇರಿಸಿ. ಓಡಿ ಬಿಸಿಯಾದ ಮೇಲೆ ಅಳತೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತೆಂದು ಆಗ ಗಾಳಿ ಬಿಡಬಾರದು. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಅಚ್ಚಾಗಿರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟಯರಿನ ಗೆರೆ ಚೆನ್ನಾಗಿದ್ದರೂ ರಬ್ಬರ್ ಗಡುಸಾಗಿರುತ್ತದೆ, ಪಕ್ಕದಲ್ಲಿ ಸಣ್ಣ ಬಿರುಕು ಹುಡುಕಿ. ಗೆರೆಗಳ ನಡುವೆ ಸಣ್ಣ ಉಬ್ಬುಗಳಿರುತ್ತವೆ. ರಬ್ಬರ್ ಅವುಗಳ ಮಟ್ಟಕ್ಕೆ ಇಳಿದರೆ ಉಳಿದದ್ದು 1.6 ಮಿ.ಮೀ. ಮಾತ್ರ. ಮಳೆಗಾಲದ ಪ್ರಯಾಣಕ್ಕೆ ಕನಿಷ್ಠ 3 ಮಿ.ಮೀ. ಇರಬೇಕು ಎಂಬುದು ನಮ್ಮ ಅಭಿಪ್ರಾಯ.

ಅಷ್ಟಾಗಿಯೂ ಟಯರ್ ಸಿಡಿದರೆ, ಬ್ರೇಕ್ ಮುಟ್ಟಬೇಡಿ. ಎರಡೂ ಕೈಯಲ್ಲಿ ಸ್ಟಿಯರಿಂಗನ್ನು ಬಿಗಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನಕ್ಕೆ ಎತ್ತಿ. ವೇಗ ತಾನಾಗಿ 40ಕ್ಕಿಳಿದ ಮೇಲೆ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಯಿರಿ.

ಸಾಮಾನಿನ ವಿಷಯ ಚಿಕ್ಕದೆನಿಸಬಹುದು. ಊರಿಂದ ಬರುವಾಗ ತೆಂಗಿನಕಾಯಿ, ಅಕ್ಕಿ, ಬೆಲ್ಲ, ಉಪ್ಪಿನಕಾಯಿ ಜಾಡಿ ಇಲ್ಲದೆ ಯಾರೂ ಬರುವುದಿಲ್ಲ. ಭಾರದವು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಒಂದು ತೆಂಗಿನಕಾಯಿಯೂ ಬೇಡ, ಢಿಕ್ಕಿಯಾದಾಗ ಅದು ಗಾಡಿಯ ವೇಗದಲ್ಲೇ ಮುಂದೆ ಕೂತವರ ತಲೆಗೆ ಬರುತ್ತದೆ. ನೀರಿನ ಬಾಟಲಿಯನ್ನು ಬಾಗಿಲಿನ ಗೂಡಿನಲ್ಲೇ ಇಡಿ. ನೆಲದ ಮೇಲಿಟ್ಟ ಬಾಟಲಿ ಇಳಿಜಾರಿನಲ್ಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಒತ್ತಲು ಬರುವುದಿಲ್ಲ.

ಹಿಂದೆ ಕೂತವರಿಗೂ ಬೆಲ್ಟ್ ಬೇಕು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿರಬಹುದು. ಅವರು ಕೂತದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಬೆಲೆಬಾಳುವ, ಗಟ್ಟಿಮುಟ್ಟಾದ ಕಾರು ಅದು. ಬೆಲ್ಟಿನ ಕೆಳಪಟ್ಟಿ ಸೊಂಟದ ಎಲುಬಿನ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಬಸುರಿಯರಿಗೆ ಇದು ಇನ್ನೂ ಮುಖ್ಯ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂರುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ದಯವಿಟ್ಟು ಬಿಡಿ. ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಬರುತ್ತದೆ. ಅದಕ್ಕೂ ನಿಮ್ಮ ಎದೆಗೂ ನಡುವೆ ಇರುವುದು ಮಗು.

ಲೇನ್

ಎಕ್ಸ್‌ಪ್ರೆಸ್‌ವೇಯಲ್ಲಿ ಒಂದು ದಿಕ್ಕಿಗೆ ಮೂರು ಲೇನ್. ಎಡಗಡೆಯದು ಭಾರದ ಗಾಡಿಗೆ, ನಡುವಿನದು ನಿಮಗೆ, ಬಲಗಡೆಯದು ಹಿಂದೆ ಹಾಕಲು ಮಾತ್ರ. ಹಿಂದೆ ಹಾಕಿದ ಮೇಲೆ ನಡುವಿನ ಲೇನಿಗೆ ಮರಳಬೇಕು. ‘ನಾನು ನೂರರಲ್ಲೇ ಇದ್ದೇನಲ್ಲ’ ಎಂದು ಬಲ ಲೇನಿನಲ್ಲಿ ಕೂತರೆ ಹಿಂದಿನವನು ಎಡದಿಂದ ನುಗ್ಗುತ್ತಾನೆ, ಮುಂದಿನ ಅಪಘಾತಕ್ಕೆ ನೀವೂ ಒಂದು ಕಾರಣ ಆಗುತ್ತೀರಿ. ಲೇನ್ ಬದಲಿಸುವಾಗ ಕ್ರಮ ಹೀಗೆ: ಒಳಗಿನ ಕನ್ನಡಿ, ಪಕ್ಕದ ಕನ್ನಡಿ, ಇಂಡಿಕೇಟರ್, ಮೂರ್ನಾಲ್ಕು ಸೆಕೆಂಡ್ ಕಾಯುವುದು, ಭುಜದ ಮೇಲಿಂದ ಒಂದು ಕ್ಷಣದ ನೋಟ, ಆಮೇಲೆ ಸರಿಯುವುದು. ಸ್ಟಿಯರಿಂಗ್ ತಿರುಗಿಸುತ್ತಾ ಇಂಡಿಕೇಟರ್ ಹಾಕಿದರೆ ಹಿಂದಿನವನಿಗೆ ಅದರಿಂದ ಏನೂ ಉಪಯೋಗವಿಲ್ಲ.

ಟ್ರಕ್ಕಿನ ಪಕ್ಕದಲ್ಲಿ ಅದರ ಜೊತೆಜೊತೆಗೆ ಓಡಬೇಡಿ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುವುದಿಲ್ಲ. ಮುಂದೆ ಖಾಲಿ ಜಾಗ ಖಚಿತವಾದ ಮೇಲೆ ಒಂದೇ ಉಸಿರಿನಲ್ಲಿ ದಾಟಿ. ಬೇಕಾದ ಎಕ್ಸಿಟ್ ತಪ್ಪಿತೇ? ಮುಂದಿನದಕ್ಕೆ ಹೋಗಿ ತಿರುಗಿ ಬನ್ನಿ. ರಿವರ್ಸ್ ತೆಗೆಯುವ ಯೋಚನೆಯೂ ಬರಬಾರದು.

ಬೋರ್‌ಘಾಟ್ ಇಳಿಯುವುದು

ಪುಣೆಯಿಂದ ಮುಂಬೈಗೆ ಹೋಗುವಾಗ ಹೊಸಬರು ಅತಿ ಹೆಚ್ಚು ತಪ್ಪು ಮಾಡುವುದು ಇಲ್ಲಿ. ಲೋಣಾವಳಾದಿಂದ ಖೋಪೋಲಿಗೆ ಇಪ್ಪತ್ತು ಕಿ.ಮೀ. ಒಳಗೆ ರಸ್ತೆ ಐನೂರು ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಅಷ್ಟು ಎತ್ತರದಿಂದ ಇಳಿಯುವ ಗಾಡಿಯ ಶಕ್ತಿಯನ್ನೆಲ್ಲ ಬ್ರೇಕಿನಿಂದಲೇ ಹೀರಬೇಕಾದರೆ, ನೂರರ ವೇಗದಿಂದ ಪೂರ್ತಿ ನಿಲ್ಲಿಸುವ ಕೆಲಸವನ್ನು ಹನ್ನೆರಡು ಹದಿಮೂರು ಬಾರಿ ಬೆನ್ನುಬೆನ್ನಿಗೆ ಮಾಡಿದಷ್ಟಾಗುತ್ತದೆ. ಗಾಳಿಯ ತಡೆ ಒಂದು ಪಾಲು ತಿನ್ನುತ್ತದೆ, ಉಳಿದದ್ದು ಬಿಸಿಯಾಗಿ ಡಿಸ್ಕಿಗೂ ಪ್ಯಾಡಿಗೂ ಸೇರುತ್ತದೆ. ಬಿಸಿ ಮಿತಿಮೀರಿದರೆ ಪ್ಯಾಡ್ ಹಿಡಿತ ಬಿಡುತ್ತದೆ. ಇನ್ನೂ ಮುಂದೆ ಹೋದರೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಗುಳ್ಳೆಯನ್ನು ಕುಗ್ಗಿಸಬಹುದು. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು: ಅದು ತೇವ ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ.

ದಾರಿ ಸರಳ. ಈ ಕೆಲಸವನ್ನು ಇಂಜಿನ್‌ಗೆ ಒಪ್ಪಿಸಿ. ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿ ಮೂರನೇ ಗೇರಿಗೆ ಬನ್ನಿ, ಆಕ್ಸಿಲರೇಟರ್ ಪೂರ್ತಿ ಬಿಡಿ. ಇಂಜಿನ್ ಸದ್ದು ಹೆಚ್ಚುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಘಾಟ್‌ನಲ್ಲಿ ಕಾರಿಗೆ 60ರ ಮಿತಿ. ಮೂರನೇ ಗೇರಿನಲ್ಲೂ ವೇಗ ಏರುತ್ತಿದ್ದರೆ ಬ್ರೇಕನ್ನು ಗಟ್ಟಿಯಾಗಿ ಎರಡು ಮೂರು ಸೆಕೆಂಡ್ ಒತ್ತಿ 45ಕ್ಕೆ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕಿಗೆ ಗಾಳಿ ತಾಗಿ ಆರುತ್ತದೆ. ಹೊಸಬರು ಹೆದರಿಕೆಯಿಂದ ಪೆಡಲ್ ಮೇಲೆ ಕಾಲನ್ನು ಮೆಲ್ಲಗೆ ಇಟ್ಟೇ ಇರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವುದು ಅದರಿಂದಲೇ. ಮೂರನೆಯದು ಸಾಲದಿದ್ದರೆ ಎರಡಕ್ಕೆ ಬನ್ನಿ, ಆದರೆ ಮೊದಲು ವೇಗ ಇಳಿಸಿ, ಆಮೇಲೆ ಗೇರ್.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಹಳೆಯ ಕಾರ್ಬ್ಯುರೇಟರ್ ಕಾಲದ್ದು. ಈಗಿನ ಇಂಜಿನ್ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಬಂದ್ ಆಗದಿರಲು ಅದಕ್ಕೆ ಇಂಧನ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇಂಜಿನ್ ಆರಿಸಿ ಇಳಿಯುವುದಂತೂ ಇನ್ನೂ ಕೆಟ್ಟದ್ದು, ಎರಡು ಮೂರು ಒತ್ತಿಗೆ, ನಿಮ್ಮ ಕಾಲಿನ ಬಲಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಕಾತ್ರಜ್ ಸುರಂಗದಿಂದ ನವಲೆ ಸೇತುವೆಗೆ ಬರುವ ಇಳಿಜಾರಿನಲ್ಲಿ ಏನಾಗುತ್ತದೆಂದು ಪುಣೆಯವರಾದ ನಿಮಗೆ ಹೇಳಬೇಕಿಲ್ಲ. ಅಲ್ಲಿ ಹತೋಟಿ ತಪ್ಪುವ ಟ್ರಕ್ಕುಗಳ ಹಿಂದೆ ನ್ಯೂಟ್ರಲ್ ಗೇರಿನ ಮಾತು ಮತ್ತೆ ಮತ್ತೆ ಬರುತ್ತದೆ.

ಇದರಿಂದ ನಿಮಗೊಂದು ಪಾಠವಿದೆ. ಇಳಿಜಾರಿನಲ್ಲಿ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿವೆ, ನೀವು ಸಾಲಿನ ಕೊನೆಯವರು ಅಂದುಕೊಳ್ಳಿ. ಆಗ ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ. ಎರಡು ಕಾರಿನಷ್ಟು ಜಾಗ ಬಿಡಿ, ನಾಲ್ಕೂ ಇಂಡಿಕೇಟರ್ ಮಿನುಗುವ ಹ್ಯಾಝರ್ಡ್ ಗುಂಡಿ ಒತ್ತಿ, ಗೇರಿನಲ್ಲೇ ಇರಿ, ಕಣ್ಣು ಕನ್ನಡಿಯ ಮೇಲಿರಲಿ. ಹಿಂದಿನಿಂದ ಬ್ರೇಕ್ ಸೋತ ಟ್ರಕ್ ಬರುತ್ತಿದ್ದರೆ ಪಕ್ಕಕ್ಕೆ ನುಸುಳಲು ಆ ಜಾಗ ಬೇಕು. ನಿಮ್ಮ ಹಿಂದೆ ಎರಡು ಮೂರು ಗಾಡಿ ಬಂದು ನಿಂತ ಮೇಲೆ ಮುಂದೆ ಸರಿಯಬಹುದು.

ಬ್ರೇಕ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ. ನೀರು ಸುರಿಯಬೇಡಿ, ಕೆಂಪಗೆ ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಸಾತಾರಾ ಕಡೆಯಿಂದ ಪುಣೆಗೆ ಮರಳುವವರಿಗೆ ಇನ್ನೊಂದು ಎಚ್ಚರಿಕೆ: ಖಂಬಾಟ್ಕಿಯ ಹಳೆಯ ಸುರಂಗ ದಾಟಿದ ಕೂಡಲೇ ಇಳಿಜಾರಿನಲ್ಲಿ ಎಸ್ ಆಕಾರದ ತಿರುವು ಇದೆ. ಸುರಂಗದೊಳಗೇ ವೇಗ ಇಳಿಸಿರಬೇಕು.

ಮಳೆ, ರಾತ್ರಿ, ನಿದ್ದೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಘಾಟ್‌ನಲ್ಲಿ ಮಳೆ, ಮಂಜು ಎರಡೂ. ನೀರು ನಿಂತ ಜಾಗದಲ್ಲಿ ವೇಗವಾಗಿ ಹೋದರೆ ಟಯರ್ ನೀರಿನ ಮೇಲೆ ತೇಲುತ್ತದೆ, ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ. ಆಗ ಬ್ರೇಕ್ ಬೇಡ, ತಿರುಗಿಸುವುದೂ ಬೇಡ, ಕಾಲು ಎತ್ತಿ ನೇರ ಹಿಡಿದುಕೊಳ್ಳಿ. ವೇಗವನ್ನು ತಾನೇ ಒಂದೇ ಮಟ್ಟದಲ್ಲಿಡುವ ಕ್ರೂಸ್ ಕಂಟ್ರೋಲನ್ನು ಮಳೆಯಲ್ಲಿ ಬಳಸಬೇಡಿ. ಓಡುತ್ತಿರುವಾಗ ಹ್ಯಾಝರ್ಡ್ ಹಾಕುವುದು ಇಲ್ಲಿ ರೂಢಿಯಾಗಿಬಿಟ್ಟಿದೆ. ಅದು ತಪ್ಪು, ಏಕೆಂದರೆ ನೀವು ನಿಂತಿದ್ದೀರೋ ಓಡುತ್ತಿದ್ದೀರೋ, ಯಾವ ಕಡೆ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ಹೆಡ್‌ಲೈಟಿನ ಲೋ ಬೀಮ್ ಸಾಕು. ಗಾಜು ಮಬ್ಬಾದರೆ ಎಸಿ ಹಾಕಿ, ಹೊರಗಾಳಿಯ ಗುಂಡಿ ಒತ್ತಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಬಟ್ಟೆಯಲ್ಲಿ ಒರೆಸುತ್ತಾ ಓಡಿಸಬೇಡಿ.

ರಾತ್ರಿ ಲೋ ಬೀಮಿನಲ್ಲಿ ಸ್ಪಷ್ಟವಾಗಿ ಕಾಣುವುದು ಐವತ್ತು ಅರವತ್ತು ಮೀಟರ್. ಮೊದಲು ಹೇಳಿದ ಲೆಕ್ಕಕ್ಕೆ ಹೋಲಿಸಿ: ಅಷ್ಟರೊಳಗೆ ನಿಲ್ಲಬಲ್ಲ ವೇಗ ಎಪ್ಪತ್ತರ ಆಚೀಚೆ. ದೀಪವಿಲ್ಲದೆ ರಸ್ತೆಯಲ್ಲೇ ನಿಂತ ಟ್ರಕ್ಕಿಗೆ ಹಿಂದಿನಿಂದ ಕಾರು ನುಗ್ಗುವುದು ಇದರಿಂದಲೇ. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾರಿಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡಾಡುತ್ತವೆ, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ. ಎಕ್ಸ್‌ಪ್ರೆಸ್‌ವೇಗೆ ಟ್ರ್ಯಾಕ್ಟರ್, ಬೈಕ್, ರಿಕ್ಷಾ ಬರುವಂತಿಲ್ಲ. ಈ ಹೆದ್ದಾರಿಗೆ ಎಲ್ಲವೂ ಬರುತ್ತವೆ, ಎದುರು ದಿಕ್ಕಿನಿಂದಲೂ ಬರುತ್ತವೆ. ಎಕ್ಸ್‌ಪ್ರೆಸ್‌ವೇಯ ಧೈರ್ಯವನ್ನು ಅಲ್ಲಿಗೆ ಒಯ್ಯಬೇಡಿ.

ನಿದ್ದೆಗೆ ಔಷಧ ನಿದ್ದೆ ಒಂದೇ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಕೆಲವು ನಿಮಿಷದ ಮಾತು. ರಾತ್ರಿ ಎರಡರಿಂದ ಬೆಳಗಿನ ಆರು, ಮಧ್ಯಾಹ್ನ ಎರಡರಿಂದ ನಾಲ್ಕು, ಈ ಹೊತ್ತಿನಲ್ಲಿ ಮೈ ತಾನಾಗಿ ಮಲಗಲು ಬಯಸುತ್ತದೆ. ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಾಗುವುದರೊಳಗೆ ಹುಬ್ಬಳ್ಳಿ ಮುಟ್ಟುವ ಯೋಜನೆ ಹೊಸಬರಿಗೆ ಬೇಡ. ನಾಲ್ಕು ಸೆಕೆಂಡ್ ಜೊಂಪು ಹತ್ತಿದರೆ 100ರಲ್ಲಿ 110 ಮೀಟರ್ ಗಾಡಿ ತನ್ನಷ್ಟಕ್ಕೆ ಓಡಿರುತ್ತದೆ. ಕಳೆದ ಎರಡು ಕಿ.ಮೀ. ನೆನಪಿಲ್ಲ, ಲೇನ್ ಗೆರೆ ಟಯರಿನ ಕೆಳಗೆ ಬರುತ್ತಿದೆ ಅಂದರೆ ಮುಂದಿನ ಡಾಬಾ ಅಥವಾ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ. ಒಂದು ಲೋಟ ಕಾಫಿ ಕುಡಿದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರುಮಾಡಲು ಅಷ್ಟೇ ಹೊತ್ತು ಬೇಕು, ಎರಡೂ ಒಟ್ಟಿಗೆ ಸಿಗುತ್ತವೆ. ನಿದ್ದೆ ಇರಲಿ ಬಿಡಲಿ, ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ.

ಸಭಿಕರ ಪ್ರಶ್ನೆಗಳು

‘ನಮ್ದು ಆಟೋಮ್ಯಾಟಿಕ್ ಗಾಡಿ ಐತ್ರಿ. ಘಾಟ್‌ನ್ಯಾಗ ಗೇರ್ ಹೆಂಗ ಇಳಸೋದ್ರಿ?’ ಎಂದು ಒಬ್ಬರು ಕೇಳಿದರು. ‘ಡಿ’ಯಲ್ಲೇ ಬಿಟ್ಟರೆ ಗಾಡಿ ಇಳಿಜಾರಿನಲ್ಲೂ ಮೇಲಿನ ಗೇರಿಗೇ ಹೋಗಬಹುದು. ಲಿವರಿನಲ್ಲಿ ‘ಎಲ್’, ‘ಎಸ್’, ‘2’ ಅಥವಾ ‘ಎಂ’ ಎಂದು ಏನಾದರೊಂದು ಇದ್ದೇ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅದನ್ನು ಓದಿಕೊಂಡು ಬನ್ನಿ, ಪೇಟೆಯ ಫ್ಲೈಓವರ್ ಇಳಿಯುವಾಗ ಅಭ್ಯಾಸ ಮಾಡಿ. ಬ್ಯಾಟರಿ ಕಾರಿನವರು ಲೋಣಾವಳಾದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಇಳಿಯಬೇಡಿ. ಇಳಿಯುವಾಗ ಮೋಟರ್ ಗಾಡಿಯನ್ನು ತಡೆಯುತ್ತಾ ವಿದ್ಯುತ್ ಹುಟ್ಟಿಸುತ್ತದೆ. ಬ್ಯಾಟರಿ ತುಂಬಿದ್ದರೆ ಆ ವಿದ್ಯುತ್ತಿಗೆ ಜಾಗವಿಲ್ಲ, ಮೋಟರಿನ ತಡೆ ಕಡಿಮೆಯಾಗುತ್ತದೆ.

‘ಘಾಟ್‌ನಲ್ಲಿ ಮಕ್ಕಳಿಗೆ ವಾಂತಿ ಬಂದರೆ ಎಲ್ಲಿ ನಿಲ್ಲಿಸೋದು?’ ಎಂದು ಕೇಳಿದರು ಒಬ್ಬ ತಾಯಿ. ಘಾಟ್‌ನಲ್ಲಿ ನಿಲ್ಲಿಸಲೇಬೇಡಿ ತಾಯಿ. ಕೈಗೆ ಸಿಗುವಲ್ಲಿ ದಪ್ಪ ಕವರ್ ಇಟ್ಟುಕೊಳ್ಳಿ, ಹೊರಡುವ ಒಂದೂವರೆ ಗಂಟೆ ಮೊದಲೇ ಹಗುರ ತಿಂಡಿ ಕೊಡಿ, ಮೊಬೈಲ್ ಕೊಡಬೇಡಿ, ದೂರ ನೋಡಲು ಹೇಳಿ. ಘಾಟ್ ಶುರುವಾಗುವ ಮುಂಚೆ ಲೋಣಾವಳಾ ಎಕ್ಸಿಟ್‌ನಲ್ಲಿ ಇಳಿದು ಸುಧಾರಿಸಿಕೊಂಡು ಹೋಗಿ.

ಕೊನೆಯ ಪ್ರಶ್ನೆ ಗಾಡಿ ಕೆಟ್ಟು ನಿಂತರೆ ಏನು ಮಾಡಬೇಕೆಂದು. ಉರುಳುತ್ತಿರುವಾಗಲೇ ಎಡ ಅಂಚಿಗೆ ತನ್ನಿ, ಹ್ಯಾಝರ್ಡ್ ಹಾಕಿ. ಎಲ್ಲರೂ ಎಡಬಾಗಿಲಿನಿಂದ ಇಳಿದು ಕಬ್ಬಿಣದ ತಡೆಯ ಆಚೆ, ಗಾಡಿಗಿಂತ ಸ್ವಲ್ಪ ಹಿಂದೆ ನಿಲ್ಲಬೇಕು. ಮಳೆ ಬರುತ್ತಿದೆ ಎಂದು ಯಾರೂ ಒಳಗೆ ಕೂರಬಾರದು. ಎದುರಿಗೆ ಬರುವ ಗಾಡಿಗಳನ್ನು ನೋಡುತ್ತಾ ನಡೆದು, ನೂರು ಮೀಟರ್ ಹಿಂದೆ ಕೆಂಪು ತ್ರಿಕೋನ ಇಡಿ. ದೊಡ್ಡ ಹೆಜ್ಜೆಯಲ್ಲಿ ಅದು ಸುಮಾರು ನೂರಿಪ್ಪತ್ತು ಹೆಜ್ಜೆ. ಬಲಗಡೆಯ ಟಯರ್ ಪಂಕ್ಚರ್ ಆಗಿದ್ದರೆ ನೀವೇ ಬದಲಿಸಲು ಕೂರಬೇಡಿ, ಬೆನ್ನ ಹಿಂದೆಯೇ ಟ್ರಕ್ಕುಗಳು ಹಾಯುತ್ತಿರುತ್ತವೆ. ಪೊಲೀಸರಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಫೋನಿನಲ್ಲಿ ‘ಲೋಣಾವಳಾ ಹತ್ತಿರ’ ಎಂದರೆ ಯಾರಿಗೂ ಪ್ರಯೋಜನವಿಲ್ಲ. ರಸ್ತೆ ಬದಿಯ ಕಿ.ಮೀ. ಫಲಕದ ಸಂಖ್ಯೆ ಹೇಳಿ, ಜೊತೆಗೆ ‘ಮುಂಬೈ ಲೇನ್’ ಅಥವಾ ‘ಪುಣೆ ಲೇನ್’ ಎಂದು ಹೇಳಿ. ದಿಕ್ಕು ತಪ್ಪಿದರೆ ಸಹಾಯದ ಗಾಡಿ ಡಿವೈಡರಿನ ಆಚೆ ಬದಿಗೆ ಬಂದು, ಮುಂದಿನ ಎಕ್ಸಿಟ್‌ವರೆಗೆ ಹೋಗಿ ತಿರುಗಿ ಬರಬೇಕಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಈ ಕೆಲಸ ವಹಿಸಿ: ಪ್ರತಿ ಐದು ನಿಮಿಷಕ್ಕೊಮ್ಮೆ ಫಲಕದ ಸಂಖ್ಯೆಯನ್ನು ಗಟ್ಟಿಯಾಗಿ ಓದಲಿ. ಚಾಲಕನ ಜೊಂಪು ಹೋಗಲೂ ಅದು ನೆರವಾಗುತ್ತದೆ.